ಸೀರಿಯಲ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಸೀರಿಯಲ್ ಎಂದರೆ ಎರಡು ಸಾಧನಗಳು ವೈರ್ ಮೇಲೆ ಒಂದೊಂದೇ ಬಿಟ್ ಕಳಿಸುತ್ತಾ ಮಾತಾಡುವ ವಿಧಾನ. ನಾನು ಮೊದಲ ಸಲ ಆರ್ಡುಯಿನೋ ಯೂನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಜಿಪಿಎಸ್ ಮಾಡ್ಯೂಲ್ ಜೋಡಿಸಿದಾಗ ಎರಡು ರಾತ್ರಿ ಕೋಡ್ ತಿದ್ದಿದೆ. ಲೈಬ್ರರಿ ಬದಲಾಯಿಸಿದೆ. ಪಿನ್ ಬದಲಾಯಿಸಿದೆ. ಬಾಡ್ ರೇಟನ್ನು (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ) ಮೇಲೆ ಕೆಳಗೆ ಮಾಡಿದೆ. ಮೂರನೇ ದಿನ ಮಲ್ಟಿಮೀಟರ್ ತೆಗೆದು ಒಂದೊಂದೇ ವೈರ್ ನೋಡಿದರೆ, ಹಸಿರು ಜಂಪರ್ ವೈರ್ ಒಳಗೇ ತುಂಡಾಗಿತ್ತು. ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿತ್ತು. ಅಷ್ಟರಲ್ಲಿ ಕೋಡನ್ನು ನಾನು ಎಷ್ಟು ಕೆಡಿಸಿದ್ದೆ ಎಂದರೆ, ವೈರ್ ಬದಲಾಯಿಸಿದ ಮೇಲೂ ಅದು ಓಡಲಿಲ್ಲ.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಒಂದು ಅಕ್ಷರ ಮಾಡ್ಯೂಲ್‌ನಿಂದ ಹೊರಟು ನಿಮ್ಮ ವೇರಿಯಬಲ್‌ಗೆ ಬಂದು ಸೇರುವವರೆಗೆ ಹಲವು ಕಡೆ ಹಾದು ಬರುತ್ತದೆ. ಮೊದಲು ವೈರ್, ಆಮೇಲೆ ವೋಲ್ಟೇಜ್, ವೇಗ, ಬಫರ್ (ಬಂದ ಬೈಟ್‌ಗಳು ಓದುವವರೆಗೆ ಕಾಯುವ ಜಾಗ), ಕೊನೆಗೆ ನಿಮ್ಮ ಕೋಡ್. ಒಂದು ಹಂತ ಸರಿ ಇದೆ ಎಂದು ಕಣ್ಣಾರೆ ನೋಡುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಏನು ಬದಲಾಯಿಸಿದಿರಿ, ಏನಾಯಿತು ಎಂದು ಪಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ.

ಇಲ್ಲಿ ಉದಾಹರಣೆಗೆ ಯೂನೋ ಮತ್ತು ನಿಯೋ-6ಎಂ ಜಿಪಿಎಸ್ ಮಾಡ್ಯೂಲ್ ತೆಗೆದುಕೊಂಡಿದ್ದೇನೆ. ಬೋರ್ಡ್ ಬೇರೆಯಾದರೂ ಹುಡುಕುವ ದಾರಿ ಇದೇ.

ಮೊದಲು ಲಕ್ಷಣ ನೋಡಿ

"ಸೀರಿಯಲ್ ಕೆಲಸ ಮಾಡ್ತಿಲ್ಲ" ಎಂದರೆ ಏನೂ ಗೊತ್ತಾಗುವುದಿಲ್ಲ. ಏನು ಕಾಣುತ್ತಿದೆ ಎಂದು ಸರಿಯಾಗಿ ಹೇಳಿಕೊಳ್ಳಿ. ಒಂದಕ್ಷರವೂ ಬರುತ್ತಿಲ್ಲ ಎಂದರೆ ವೈರ್, ಪಿನ್ ಅಥವಾ ಪೋರ್ಟ್ ಕಡೆ ನೋಡಿ. ಬಂದಿದ್ದೆಲ್ಲಾ ಗೊಜಲು ಎಂದರೆ ವೇಗ ಅಥವಾ ವೋಲ್ಟೇಜ್. ಕೆಲವು ಅಕ್ಷರ ಸರಿ, ಕೆಲವು ತಪ್ಪು ಎಂದರೆ ಕ್ಲಾಕ್ (ಚಿಪ್ ಸಮಯ ಎಣಿಸುವ ಗಡಿಯಾರ) ಸ್ವಲ್ಪ ಆಚೀಚೆ ಆಗಿದೆ, ಇಲ್ಲವೇ ಗ್ರೌಂಡ್ ಸಡಿಲ ಇದೆ. ಅಕ್ಷರಗಳೆಲ್ಲ ಸರಿ, ಆದರೆ ಮಧ್ಯೆ ಮಧ್ಯೆ ಕಾಣೆಯಾಗುತ್ತಿವೆ ಎಂದರೆ ಮಾತ್ರ ಮೊದಲ ಅನುಮಾನ ಕೋಡ್ ಮೇಲೆ ಬರಬೇಕು.

ಕಂಪ್ಯೂಟರ್ ಕಡೆ ಸರಿ ಇದೆಯಾ?

ಯುಎಸ್‌ಬಿ-ಸೀರಿಯಲ್ ಪರಿವರ್ತಕ ಬಳಸುತ್ತಿದ್ದರೆ ಅದರ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಕೇಳುವ) ಪಿನ್‌ಗಳನ್ನು ಒಂದು ವೈರ್‌ನಿಂದ ಸೇರಿಸಿ. ಬೇರೇನೂ ಜೋಡಿಸಬೇಡಿ. ಈಗ ಟರ್ಮಿನಲ್‌ನಲ್ಲಿ (ಪೋರ್ಟ್‌ಗೆ ಬರೆದು ಓದುವ ಪ್ರೋಗ್ರಾಂ) ಟೈಪ್ ಮಾಡಿದ್ದು ವಾಪಸ್ ಬರಬೇಕು. ಟರ್ಮಿನಲ್‌ನಲ್ಲಿ ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ತಾನೇ ತೋರಿಸುವುದು) ಆಫ್ ಇರಲಿ, ಇಲ್ಲದಿದ್ದರೆ ವೈರ್ ಇಲ್ಲದೆಯೂ ಅಕ್ಷರ ಕಂಡು ಮೋಸ ಹೋಗುತ್ತೀರಿ. ವೈರ್ ಕಿತ್ತಾಗ ಅಕ್ಷರ ನಿಲ್ಲಬೇಕು. ಆಗಲೇ ಪರೀಕ್ಷೆ ಪಾಸು.

ಯೂನೋದಲ್ಲೂ ಇದನ್ನು ಮಾಡಬಹುದು. ರೀಸೆಟ್ ಪಿನ್ ಅನ್ನು ಗ್ರೌಂಡ್‌ಗೆ ಕಟ್ಟಿ, ಪಿನ್ 0 ಮತ್ತು 1 ಸೇರಿಸಿ. ಮುಖ್ಯ ಚಿಪ್ ಸುಮ್ಮನಿರುತ್ತದೆ, ಯುಎಸ್‌ಬಿ ಚಿಪ್ ಒಂದೇ ಪರೀಕ್ಷೆಗೆ ಒಳಗಾಗುತ್ತದೆ.

ಪೋರ್ಟೇ ತೆರೆಯದಿದ್ದರೆ, ಲಿನಕ್ಸ್‌ನ ಉಬುಂಟು ಥರದವುಗಳಲ್ಲಿ ನಿಮ್ಮ ಯೂಸರ್ ಹೆಸರು ಡಯಲ್‌ಔಟ್ ಗುಂಪಿನಲ್ಲಿ ಇದೆಯೇ ನೋಡಿ. ವಿಂಡೋಸ್‌ನಲ್ಲಿ ಒಂದು ಕಾಮ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಹುದು. ಹಿಂದೆ ತೆರೆದಿಟ್ಟ ಸೀರಿಯಲ್ ಮಾನಿಟರ್ ಇನ್ನೂ ಹಿಡಿದುಕೊಂಡಿರಬಹುದು.

ವೈರ್ ಮತ್ತು ವೋಲ್ಟೇಜ್

ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಹೋಗಬೇಕು. ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಒಂದಲ್ಲ ಒಂದು ದಿನ ತಪ್ಪುತ್ತೇವೆ. ಯಾಕೆಂದರೆ ಕೆಲವು ಬೋರ್ಡ್‌ಗಳ ಮೇಲೆ ಬರೆದಿರುವುದು ಆ ಬೋರ್ಡ್‌ನ ಪಿನ್ ಹೆಸರಲ್ಲ, ಅಲ್ಲಿಗೆ ಏನು ಕಟ್ಟಬೇಕು ಎಂಬುದು. ಅನುಮಾನ ಬಂದರೆ ವೈರ್ ಬಿಚ್ಚಿ ಮಲ್ಟಿಮೀಟರ್ ಇಡಿ. ಸುಮ್ಮನಿರುವಾಗ ಟಿಎಕ್ಸ್ ಲೈನ್ ಯಾವಾಗಲೂ ಮೇಲೆ ಇರುತ್ತದೆ: ಯೂನೋದಲ್ಲಿ 5 ವೋಲ್ಟ್, ಜಿಪಿಎಸ್‌ನಲ್ಲಿ 3.3 ವೋಲ್ಟ್ ಹತ್ತಿರ. ಮಾಡ್ಯೂಲ್ ಮಾತಾಡುತ್ತಿದ್ದರೆ ಆ ಅಂಕಿ ಸ್ವಲ್ಪ ಕೆಳಗಿಳಿದು ಅಲ್ಲಾಡುತ್ತದೆ. ಈ ಅಲ್ಲಾಟ ಕಂಡರೆ ಮಾಡ್ಯೂಲ್ ಜೀವಂತ ಇದೆ ಎಂದರ್ಥ.

ಎರಡೂ ಬೋರ್ಡ್‌ಗಳ ಗ್ರೌಂಡ್ ಸೇರಲೇಬೇಕು. ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಯುಎಸ್‌ಬಿ ಇದ್ದಾಗ ಇದು ಮರೆತುಹೋಗುತ್ತದೆ. ಗ್ರೌಂಡ್ ಇಲ್ಲದಿದ್ದರೂ ಕೆಲವು ಸಲ ಅಕ್ಷರಗಳು ಬರುವ ಹಾಗೆ ಕಾಣುತ್ತದೆ, ಕೈ ಹತ್ತಿರ ತಂದರೆ ಬದಲಾಗುತ್ತದೆ. ಅಂಥ ವಿಚಿತ್ರ ಕಂಡ ಕೂಡಲೇ ಗ್ರೌಂಡ್ ವೈರ್ ನೋಡಿ. ಮೀಟರ್‌ನ ಬೀಪ್ ಹಾಕಿ, ವೈರನ್ನು ಸ್ವಲ್ಪ ಬಾಗಿಸುತ್ತಾ ಪರೀಕ್ಷಿಸಿ. ನನ್ನ ಹಸಿರು ವೈರ್ ಬಾಗಿಸಿದಾಗಲೇ ಬೀಪ್ ನಿಂತಿದ್ದು.

ಯೂನೋ ಮಾತಾಡುವುದು 5 ವೋಲ್ಟ್‌ನಲ್ಲಿ, ಜಿಪಿಎಸ್ ಚಿಪ್ 3.3 ವೋಲ್ಟ್‌ನಲ್ಲಿ. ಜಿಪಿಎಸ್‌ನಿಂದ ಯೂನೋ ಕಡೆಗೆ ನೇರ ಕಟ್ಟಬಹುದು. 5 ವೋಲ್ಟ್‌ನಲ್ಲಿ ಓಡುವ ಯೂನೋದ ಮುಖ್ಯ ಚಿಪ್ ಎಟಿಮೆಗಾ328ಪಿಗೆ 3 ವೋಲ್ಟ್ ದಾಟಿದರೆ ಅದು 1. ಹಾಗಾಗಿ 3.3 ಸಾಕು, ಆದರೆ ಜಾಸ್ತಿ ಅಂತರ ಇಲ್ಲ. ಯೂನೋದಿಂದ ಜಿಪಿಎಸ್ ಕಡೆಗೆ ಮಾತ್ರ ನೇರ ಬೇಡ. ಯೂನೋ ಟಿಎಕ್ಸ್‌ನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿ, ಮಧ್ಯದ ಬಿಂದುವನ್ನು ಜಿಪಿಎಸ್ ಆರ್‌ಎಕ್ಸ್‌ಗೆ ಕೊಡಿ. 5 ವೋಲ್ಟ್ ಅಲ್ಲಿ 3.3 ಆಗುತ್ತದೆ. 3.3 ವೋಲ್ಟ್‌ನ ಇಎಸ್‌ಪಿ32 ಬೋರ್ಡನ್ನು ಯೂನೋಗೆ ಕಟ್ಟುವಾಗಲೂ ಇದೇ ಮಾತು.

ಹಳೆಯ ತೂಕದ ಯಂತ್ರಗಳ 9 ಪಿನ್ ಕನೆಕ್ಟರ್ ಬೇರೆಯೇ ಜಾತಿ. ಅದು ಆರ್‌ಎಸ್-232. ಅಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15. ಮಧ್ಯೆ ವೋಲ್ಟೇಜ್ ಬದಲಿಸುವ ಮ್ಯಾಕ್ಸ್232 ಥರದ ಚಿಪ್ ಇಲ್ಲದೆ ಕಟ್ಟಿದರೆ ಗೊಜಲು ಬರುವುದಷ್ಟೇ ಅಲ್ಲ, ಪಿನ್ ಸುಟ್ಟುಹೋಗಬಹುದು.

ವೇಗ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಸೀರಿಯಲ್‌ನಲ್ಲಿ ಕ್ಲಾಕ್‌ಗೆಂದು ಬೇರೆ ವೈರ್ ಇಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಗಡಿಯಾರ ನಂಬಿಕೊಂಡು ಎಣಿಸುತ್ತಾರೆ. 9600 ಬಾಡ್ ಎಂದರೆ ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಒಂದು ಬೈಟ್‌ಗೆ ಒಂದು ಸ್ಟಾರ್ಟ್ ಬಿಟ್, 8 ಡೇಟಾ ಬಿಟ್, ಒಂದು ಸ್ಟಾಪ್ ಬಿಟ್. ಒಟ್ಟು 10 ಬಿಟ್. ಸುಮಾರು 1.04 ಮಿಲಿಸೆಕೆಂಡ್.

ಸ್ಟಾರ್ಟ್ ಬಿಟ್ ಬಿದ್ದ ಕ್ಷಣದಿಂದ ಎಣಿಕೆ ಶುರು. ಪ್ರತಿ ಬಿಟ್‌ನ ನಡುವೆ ಒಮ್ಮೆ ನೋಡಬೇಕು. ಸ್ಟಾಪ್ ಬಿಟ್‌ನ ನಡು ಬರುವುದು ಒಂಬತ್ತೂವರೆ ಬಿಟ್ ಆದಮೇಲೆ. ಅಷ್ಟರಲ್ಲಿ ಎಣಿಕೆ ಅರ್ಧ ಬಿಟ್ ತಪ್ಪಿದರೆ ಕಥೆ ಮುಗಿಯಿತು. 9.5ರಲ್ಲಿ 0.5 ಎಂದರೆ ಸುಮಾರು 5 ಪರ್ಸೆಂಟ್. ಇದು ಎರಡೂ ಕಡೆಯ ತಪ್ಪು ಸೇರಿಸಿ. ಹಾಗಾಗಿ ಒಂದೊಂದು ಕಡೆ 2 ಪರ್ಸೆಂಟ್ ಒಳಗೆ ಇದ್ದರೆ ನೆಮ್ಮದಿ.

ಯೂನೋ 16 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. 9600ಕ್ಕೆ ಅದರ ತಪ್ಪು 0.2 ಪರ್ಸೆಂಟ್, ಏನೂ ಅಲ್ಲ. 115200 ಕೇಳಿದರೆ ಆ ಕ್ಲಾಕನ್ನು ಸಮನಾಗಿ ಭಾಗಿಸಲು ಆಗದೆ 117647 ಬರುತ್ತದೆ. 2.1 ಪರ್ಸೆಂಟ್ ಜಾಸ್ತಿ. ಬೋರ್ಡ್‌ನ ಮೇಲಿನ ಯುಎಸ್‌ಬಿ ಚಿಪ್ ಕೂಡ 16 ಮೆಗಾಹರ್ಟ್ಜ್‌ನಿಂದಲೇ ಭಾಗಿಸಿ ಅದೇ ತಪ್ಪು ಮಾಡುತ್ತದೆ, ಅದಕ್ಕೇ ಕಂಪ್ಯೂಟರ್ ಜೊತೆ ತೊಂದರೆ ಕಾಣುವುದಿಲ್ಲ. ಬೇರೆ ಮಾಡ್ಯೂಲ್ ಜೊತೆ 115200 ಇಟ್ಟಾಗ ಆಗೊಮ್ಮೆ ಈಗೊಮ್ಮೆ ಅಕ್ಷರ ಕೆಡುವುದಕ್ಕೆ ಇದೂ ಒಂದು ಕಾರಣ. ಡೇಟಾದಲ್ಲಿ ಚಿಕ್ಕ ಬಿಟ್ ಮೊದಲು, ದೊಡ್ಡ ಬಿಟ್ ಕೊನೆಗೆ ಬರುತ್ತದೆ. ವೇಗ ಸ್ವಲ್ಪ ತಪ್ಪಿದಾಗ ಮೊದಲು ಕೆಡುವುದು ಆ ದೊಡ್ಡ ಬಿಟ್‌ಗಳೇ.

ಚಿಪ್ಪನ್ನು ಮಾತ್ರ ಕೊಂಡು ಬ್ರೆಡ್‌ಬೋರ್ಡ್ ಮೇಲೆ ಕೂರಿಸಿದವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಹೊಸ ಎಟಿಮೆಗಾ328ಪಿ ಒಳಗಿನ 8 ಮೆಗಾಹರ್ಟ್ಜ್ ಕ್ಲಾಕನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. ಫ್ಯೂಸ್ (ಚಿಪ್ ಒಳಗಿನ ಸೆಟ್ಟಿಂಗ್) ಬದಲಾಯಿಸುವವರೆಗೂ ಹಾಗೇ. ಕೋಡ್ ಮಾತ್ರ 16 ಎಂದುಕೊಂಡಿರುತ್ತದೆ. ಆಗ ನೀವು ಕೇಳಿದ 9600 ನಿಜದಲ್ಲಿ 600 ಆಗಿರುತ್ತದೆ. ಕ್ಲಾಕ್ 8ರಲ್ಲಿ ಇದ್ದರೆ 4800. ಟರ್ಮಿನಲ್ಲನ್ನು 4800ಕ್ಕೋ 600ಕ್ಕೋ ಇಟ್ಟು ನೋಡಿ. ಅಕ್ಷರ ಸರಿಯಾಗಿ ಬಂದರೆ ತಪ್ಪು ಕ್ಲಾಕ್‌ನದು, ಸೀರಿಯಲ್ ಕೋಡ್‌ನದಲ್ಲ. ಜೊತೆಗೆ ಆ ಒಳಗಿನ ಕ್ಲಾಕ್‌ಗೆ ಕಾರ್ಖಾನೆ ಹೇಳುವ ಆಚೀಚೆ 10 ಪರ್ಸೆಂಟ್. ಸೀರಿಯಲ್ ಬೇಕಿದ್ದರೆ ನಿಖರ ಕ್ಲಾಕ್ ಕೊಡುವ ಕ್ರಿಸ್ಟಲ್ ಹಾಕಿಬಿಡಿ.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಲೂಪ್ ಒಳಗೆ ಬೇರೇನೂ ಬರೆಯದೆ ಇಂಗ್ಲಿಷಿನ ದೊಡ್ಡಕ್ಷರ ಯು ಒಂದನ್ನೇ ಬಿಡುವಿಲ್ಲದೆ ಕಳಿಸಿ. ಸೀರಿಯಲ್.ರೈಟ್ ಬಳಸಿ, ಪ್ರಿಂಟ್‌ಎಲ್‌ಎನ್ ಬಳಸಿದರೆ ಸಾಲು ಮುಗಿಸುವ ಬೈಟ್‌ಗಳೂ ಸೇರಿಕೊಳ್ಳುತ್ತವೆ. ಯು ಎಂದರೆ ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆ) 55. ಸ್ಟಾರ್ಟ್ ಮತ್ತು ಸ್ಟಾಪ್ ಸೇರಿದಾಗ ಲೈನ್ ಮೇಲೆ ಹೋಗುವುದು 0, 1, 0, 1 ಎಂದು ಒಂದೇ ಸಮನಾದ ಚೌಕ ಅಲೆ. ಎರಡು ಬಿಟ್‌ಗೆ ಒಂದು ಅಲೆ. ಹಾಗಾಗಿ 9600 ಬಾಡ್‌ಗೆ 4800 ಹರ್ಟ್ಜ್. ಮಲ್ಟಿಮೀಟರ್‌ನಲ್ಲಿ ಹರ್ಟ್ಜ್ ಅಳೆಯುವ ಸೌಕರ್ಯ ಇದ್ದರೆ ಟಿಎಕ್ಸ್ ಪಿನ್‌ಗೆ ಇಡಿ. 4800 ಬಂದರೆ ವೇಗ ಸರಿ. 2400 ಬಂದರೆ ಕ್ಲಾಕ್ ಅರ್ಧ. 300 ಬಂದರೆ ಚಿಪ್ 1 ಮೆಗಾಹರ್ಟ್ಜ್‌ನಲ್ಲಿದೆ. ಆಸಿಲೋಸ್ಕೋಪ್ ಇಲ್ಲದ ಮನೆಯಲ್ಲೂ ಬಾಡ್ ರೇಟ್ ಅಳೆಯಬಹುದು, ಅಲ್ವಾ?

ಪಿನ್ 0 ಮತ್ತು 1ರ ಜಗಳ

ಯೂನೋದಲ್ಲಿ ಹಾರ್ಡ್‌ವೇರ್ ಸೀರಿಯಲ್ ಒಂದೇ. ಪಿನ್ 0 ಮತ್ತು 1 ಕಂಪ್ಯೂಟರ್ ಜೊತೆಯೂ ಹಂಚಿಕೆಯಾಗಿವೆ. ಅಲ್ಲಿಗೆ ಜಿಪಿಎಸ್ ಕಟ್ಟಿದರೆ ಕೋಡ್ ಅಪ್‌ಲೋಡ್ ಮಾಡುವಾಗಲೇ ಸಿಂಕ್ ಆಗಲಿಲ್ಲ ಎಂಬ ತಪ್ಪು ಬರುತ್ತದೆ. ಅಪ್‌ಲೋಡ್ ಮಾಡುವಾಗ ಪಿನ್ 0ರ ವೈರ್ ಕಿತ್ತಿಡಿ, ಅಥವಾ ಜಿಪಿಎಸ್ಸನ್ನು ಬೇರೆ ಪಿನ್‌ಗೆ ಕಟ್ಟಿ ಸಾಫ್ಟ್‌ವೇರ್‌ಸೀರಿಯಲ್ (ಕೋಡ್ ಮೂಲಕವೇ ಸೀರಿಯಲ್ ನಡೆಸುವ ಲೈಬ್ರರಿ) ಬಳಸಿ. 9600ಕ್ಕೆ ಅದು ಸಾಕು. ಆದರೆ ಅದು ಒಂದೇ ಸಲಕ್ಕೆ ಕಳಿಸುತ್ತಾ ಕೇಳಿಸಿಕೊಳ್ಳಲಾರದು. ಎರಡು ಸಾಫ್ಟ್‌ವೇರ್ ಪೋರ್ಟ್ ಇಟ್ಟುಕೊಂಡರೆ ಒಂದು ಸಲಕ್ಕೆ ಒಂದರ ಮಾತು ಮಾತ್ರ ಕೇಳುತ್ತದೆ. ಎರಡು ಮೂರು ಮಾಡ್ಯೂಲ್ ಇದ್ದರೆ ನಾಲ್ಕು ಹಾರ್ಡ್‌ವೇರ್ ಪೋರ್ಟ್ ಇರುವ ಮೆಗಾ ಬೋರ್ಡ್ ತೆಗೆದುಕೊಳ್ಳುವುದೇ ಒಳ್ಳೆಯದು.

ಬಂದ ಬೈಟನ್ನು ಬಂದ ಹಾಗೇ ನೋಡಿ

ಇಷ್ಟಾದಮೇಲೆ ಕೋಡ್‌ಗೆ ಬನ್ನಿ. ಜಿಪಿಎಸ್ ಲೈಬ್ರರಿ ಪಕ್ಕಕ್ಕಿಡಿ. ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ: ಬೈಟ್ ಬಂತಾ, ಓದು, ಕಂಪ್ಯೂಟರ್‌ಗೆ ಕಳಿಸು. ಅಷ್ಟೇ. ಜಿಪಿಎಸ್‌ನ ಮಾತು $ ಗುರುತಿನಿಂದ ಶುರುವಾಗುವ ಸಾಲುಗಳು. ಆಕಾಶ ಕಾಣದ ಕೋಣೆಯೊಳಗೂ ಈ ಸಾಲುಗಳು ಬರುತ್ತವೆ, ಒಳಗೆ ಬರೀ ಕಾಮಾಗಳು ಇರುತ್ತವೆ ಅಷ್ಟೇ. ಹಾಗಾಗಿ ಏನೂ ಬರದಿದ್ದರೆ ಉಪಗ್ರಹ ಸಿಕ್ಕಿಲ್ಲ ಎಂದು ಕಾಯುತ್ತಾ ಕೂರಬೇಡಿ. ಅದು ಇನ್ನೂ ವೈರ್ ಅಥವಾ ಪಿನ್ ಸಮಸ್ಯೆ.

ಅಕ್ಷರದ ಬದಲು ಹೆಕ್ಸ್ ಅಂಕಿಯನ್ನು ಪ್ರಿಂಟ್ ಮಾಡಿದರೆ ಕಣ್ಣಿಗೆ ಕಾಣದ ಬೈಟ್‌ಗಳೂ ಕಾಣುತ್ತವೆ. ಸಾಲಿನ ಕೊನೆಗೆ 0ಡಿ ಮತ್ತು 0ಎ ಎರಡೂ ಬರುತ್ತವೆ. ಬರೀ 0ಎ ಬರುತ್ತದೆ ಎಂದುಕೊಂಡು ಹೋಲಿಸಿದ ಕೋಡ್‌ನಲ್ಲಿ ಪ್ರತಿ ಸಾಲಿನ ಬಾಲಕ್ಕೂ ಒಂದು ಕಾಣದ 0ಡಿ ಅಂಟಿಕೊಂಡಿರುತ್ತದೆ. ನೋಡಲು ಎರಡೂ ಪದ ಒಂದೇ, ಹೋಲಿಸಿದರೆ ಬೇರೆ.

ಲಾಜಿಕ್ ಅನಲೈಜರ್ (ಲೈನ್ ಮೇಲಿನ 0 ಮತ್ತು 1ನ್ನು ದಾಖಲಿಸುವ ಸಾಧನ) ಸಿಕ್ಕಿದರೆ ಈ ಹಂತ ಇನ್ನೂ ಸುಲಭ. 24 ಮೆಗಾಹರ್ಟ್ಜ್‌ನ 8 ಚಾನೆಲ್‌ನ ಕಡಿಮೆ ಬೆಲೆಯದೇ ಸಾಕು. ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶ ಲೈನ್ ಮೇಲೆ ಹೋದ ಅಕ್ಷರಗಳನ್ನು ಓದಿ ತೋರಿಸುತ್ತದೆ. ಅದರ ಗ್ರೌಂಡನ್ನೂ ಮರೆಯದೆ ಕಟ್ಟಿ. ಅಲ್ಲಿ ಸರಿ, ನಿಮ್ಮ ಕೋಡ್‌ನಲ್ಲಿ ತಪ್ಪು ಎಂದಾದರೆ, ಚಿಪ್‌ನ ಹೊರಗಿನದ್ದೆಲ್ಲ ಆ ಕ್ಷಣಕ್ಕೆ ಅನುಮಾನದಿಂದ ಹೊರಗೆ.

ಕೋಡ್‌ನಲ್ಲಿ ಸಾಮಾನ್ಯವಾಗಿ ಸಿಗುವ ತಪ್ಪುಗಳು

ಮೊದಲನೆಯದು, ಒಂದು ಸಲ ಕೇಳಿ ಮೂರು ಸಲ ಓದುವುದು. ಸೀರಿಯಲ್.ಅವೈಲೆಬಲ್ ಸೊನ್ನೆಗಿಂತ ಜಾಸ್ತಿ ಇದೆಯಾ ಎಂದು ಒಮ್ಮೆ ನೋಡಿ, ಒಳಗೆ ಸಾಲಾಗಿ ಮೂರು ರೀಡ್ ಬರೆಯುತ್ತಾರೆ. ಬಂದಿರುವುದು ಒಂದೇ ಬೈಟ್. ಮುಂದಿನದು ಬರಲು ಇನ್ನೂ ಒಂದು ಮಿಲಿಸೆಕೆಂಡ್ ಬೇಕು. ಚಿಪ್‌ಗೆ ಅದು 16 ಸಾವಿರಕ್ಕೂ ಹೆಚ್ಚು ಕ್ಲಾಕ್ ಸುತ್ತು. ಖಾಲಿ ಬಫರ್ ಓದಿದರೆ ಸಿಗುವುದು ಮೈನಸ್ 1. ಅದನ್ನು ಬೈಟ್‌ನಲ್ಲಿ ಇಟ್ಟರೆ 255. ಡೇಟಾದ ಮಧ್ಯೆ ಕಾರಣವಿಲ್ಲದೆ ಎಫ್‌ಎಫ್ (255ರ ಹೆಕ್ಸ್ ರೂಪ) ಕಂಡರೆ ಮೊದಲು ಇದನ್ನೇ ಹುಡುಕಿ.

ಎರಡನೆಯದು ಡಿಲೇ, ಅಂದರೆ ಕೋಡನ್ನು ಸುಮ್ಮನೆ ಕಾಯಿಸುವುದು. ನಾನು ಜಾಸ್ತಿ ಕಂಡಿರುವ ತಪ್ಪು ಇದೇ. ಯೂನೋದ ಬರುವ ಬಫರ್ 64 ಬೈಟ್, ಅದರಲ್ಲಿ ತುಂಬುವುದು 63. 9600ರಲ್ಲಿ ಅದು ತುಂಬಲು 66 ಮಿಲಿಸೆಕೆಂಡ್ ಸಾಕು. ಲೂಪ್‌ನಲ್ಲಿ 1000 ಮಿಲಿಸೆಕೆಂಡ್ ಡಿಲೇ ಇದ್ದರೆ ಆ ಹೊತ್ತಿನಲ್ಲಿ ಜಿಪಿಎಸ್ ಹಲವು ಸಾಲು ಹೇಳಿ ಮುಗಿಸಿರುತ್ತದೆ. ಬಫರ್ ತುಂಬಿದ ಮೇಲೆ ಬಂದದ್ದೆಲ್ಲ ಸದ್ದಿಲ್ಲದೆ ಕಳೆದುಹೋಗುತ್ತದೆ. ಒಂದು ಸಾಲಿನ ತಲೆಗೆ ಇನ್ನೊಂದು ಸಾಲಿನ ಬಾಲ ಅಂಟಿಕೊಂಡು ಬರುವುದು ಇದರ ಗುರುತು. ಡಿಲೇ ತೆಗೆದು ಮಿಲ್ಲಿಸ್ (ಕಳೆದ ಮಿಲಿಸೆಕೆಂಡ್ ಹೇಳುವ ಫಂಕ್ಷನ್) ನೋಡಿ ಸಮಯ ಎಣಿಸಿ. ಡಿಸ್‌ಪ್ಲೇ ಬರೆಯುವುದು, ಎಸ್‌ಡಿ ಕಾರ್ಡ್‌ಗೆ ಬರೆಯುವುದು ಕೂಡ ಡಿಲೇ ಥರವೇ ಸಮಯ ತಿನ್ನುತ್ತವೆ. ಎಷ್ಟು ತಿನ್ನುತ್ತವೆ ಎಂದು ಮೈಕ್ರೋಸ್ ಬಳಸಿ ಅಳೆದೇ ನೋಡಿ, ಊಹೆ ಬೇಡ.

ರೀಡ್‌ಸ್ಟ್ರಿಂಗ್ ಬಳಸಿದವರಿಗೆ ಬೋರ್ಡ್ ಹ್ಯಾಂಗ್ ಆದ ಹಾಗೆ ಕಾಣಬಹುದು. ಅದು 1000 ಮಿಲಿಸೆಕೆಂಡ್ ಮೌನ ಸಿಗುವವರೆಗೂ ಓದುತ್ತಲೇ ಇರುತ್ತದೆ. ಜಿಪಿಎಸ್ ಪ್ರತಿ ಸೆಕೆಂಡ್ ಮಾತಾಡುವುದರಿಂದ ಅಷ್ಟು ಉದ್ದದ ಮೌನ ಸಿಗುವುದೇ ಇಲ್ಲ. ಯೂನೋದ ರ‍್ಯಾಮ್ ಇರುವುದೇ 2 ಕಿಲೋಬೈಟ್, ಓದಿದ್ದೆಲ್ಲ ಅದರಲ್ಲೇ ತುಂಬುತ್ತಾ ಹೋಗುತ್ತದೆ. ರೀಡ್‌ಸ್ಟ್ರಿಂಗ್ ಬದಲು 83 ಅಕ್ಷರದ ಒಂದು ಅರೇ ಇಟ್ಟುಕೊಳ್ಳಿ. ಜಿಪಿಎಸ್ ಸಾಲಿನ ಗರಿಷ್ಠ ಉದ್ದ 82 ಅಕ್ಷರ, ಕೊನೆಯ ಸೊನ್ನೆಗೆ ಇನ್ನೊಂದು ಜಾಗ. $ ಬಂದಾಗ ಮೊದಲಿನಿಂದ ತುಂಬಿ. ಜಾಗ ಮುಗಿದರೆ ಸಾಲು ಬಿಟ್ಟು ಮುಂದಿನ $ಗೆ ಕಾಯಿರಿ. ಅರೇ ಮೀರಿ ಬರೆದರೆ ಪಕ್ಕದ ವೇರಿಯಬಲ್ ಕೆಡುತ್ತದೆ. ಆಮೇಲೆ ತಪ್ಪು ಬೇರೆಲ್ಲೋ ಕಾಣಿಸುತ್ತದೆ, ಹುಡುಕುವುದು ತುಂಬಾ ಕಷ್ಟ.

ಇಂಟರಪ್ಟ್ (ಬೈಟ್ ಬಂದಾಗ ಇದ್ದ ಕೆಲಸ ನಿಲ್ಲಿಸಿ ಓಡುವ ಕೋಡ್) ನೀವೇ ಬರೆಯುತ್ತಿದ್ದರೆ, ಹೊರಗೂ ಒಳಗೂ ಬಳಸುವ ವೇರಿಯಬಲ್‌ಗೆ ವೋಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು ಎಂಬ ಸೂಚನೆ) ಹಾಕಿ. ಇದು 8 ಬಿಟ್‌ನ ಚಿಪ್, ಎರಡು ಬೈಟ್‌ನ ಎಣಿಕೆಯನ್ನು ಎರಡು ಸಲದಲ್ಲಿ ಓದುತ್ತದೆ. ಮಧ್ಯೆ ಇಂಟರಪ್ಟ್ ಬಂದರೆ ಅರ್ಧ ಹಳೆಯದು, ಅರ್ಧ ಹೊಸದು. ಓದುವ ಆ ಕ್ಷಣ ಇಂಟರಪ್ಟ್ ನಿಲ್ಲಿಸಿ. ಫ್ರೇಮ್ ತಪ್ಪು (ಸ್ಟಾಪ್ ಬಿಟ್ ಸರಿ ಬರಲಿಲ್ಲ) ಮತ್ತು ಓವರ್‌ರನ್ (ಓದುವ ಮೊದಲೇ ಹೊಸ ಬೈಟ್ ಬಂದು ಕಳೆದುಹೋಯಿತು) ಗುರುತುಗಳನ್ನು ಡೇಟಾ ಓದುವ ಮೊದಲೇ ನೋಡಿಕೊಳ್ಳಿ. ಡೇಟಾ ಓದಿದ ಮೇಲೆ ಅವು ಉಳಿಯುವುದಿಲ್ಲ. ಫ್ರೇಮ್ ತಪ್ಪು ಜಾಸ್ತಿ ಇದ್ದರೆ ವೇಗದ ಹಂತಕ್ಕೆ ವಾಪಸ್ ಹೋಗಿ. ಓವರ್‌ರನ್ ಜಾಸ್ತಿ ಇದ್ದರೆ ನಿಮ್ಮ ಕೋಡ್ ನಿಧಾನ.

ಪ್ರಿಂಟ್ ಕೂಡ ಸಮಯ ತಿನ್ನುತ್ತದೆ

ತಪ್ಪು ಹುಡುಕಲು ಹಾಕಿದ ಪ್ರಿಂಟ್ ಸಾಲೇ ತಪ್ಪು ತರಬಹುದು. 60 ಅಕ್ಷರ 9600ರಲ್ಲಿ ಹೋಗಲು 62 ಮಿಲಿಸೆಕೆಂಡ್. ಹೋಗುವ ಬಫರ್ ತುಂಬಿದರೆ ಪ್ರಿಂಟ್ ಅಲ್ಲೇ ಕಾಯುತ್ತದೆ. ಜಿಪಿಎಸ್ ಕಡೆ 9600 ಇರಲಿ, ಕಂಪ್ಯೂಟರ್ ಕಡೆ 115200 ಇಡಿ. ಉದ್ದ ವಾಕ್ಯಗಳ ಬದಲು ಒಂದೊಂದು ಅಕ್ಷರ ಪ್ರಿಂಟ್ ಮಾಡಿ. ವಾಕ್ಯ ಬೇಕೇ ಬೇಕಿದ್ದರೆ ಎಫ್ ಮ್ಯಾಕ್ರೋ (ವಾಕ್ಯವನ್ನು ಫ್ಲ್ಯಾಶ್ ಮೆಮೊರಿಯಲ್ಲೇ ಇಡುವ ಸೂಚನೆ) ಒಳಗೆ ಇಡಿ, ರ‍್ಯಾಮ್ ಉಳಿಯುತ್ತದೆ. ಇಂಟರಪ್ಟ್ ಒಳಗೆ ಪ್ರಿಂಟ್ ಬೇಡವೇ ಬೇಡ. ಅಲ್ಲಿ ಒಂದು ಪಿನ್ ಅನ್ನು ಮೇಲೆ ಕೆಳಗೆ ಮಾಡಿ ಅನಲೈಜರ್‌ನಲ್ಲಿ ನೋಡಿ.

ಎಣಿಸಿ

ಪ್ರತಿ ಜಿಪಿಎಸ್ ಸಾಲಿನ ಕೊನೆಗೆ * ಗುರುತು, ಆಮೇಲೆ ಎರಡು ಹೆಕ್ಸ್ ಅಂಕಿ ಇರುತ್ತದೆ. $ ಮತ್ತು * ನಡುವಿನ ಎಲ್ಲ ಅಕ್ಷರಗಳ ಎಕ್ಸ್‌ಕ್ಲೂಸಿವ್ ಆರ್ (ಬಿಟ್‌ಗಳು ಬೇರೆ ಇದ್ದರೆ 1, ಒಂದೇ ಇದ್ದರೆ 0) ಅದು, ಚೆಕ್‌ಸಮ್ ಎನ್ನುತ್ತಾರೆ. ನೀವೂ ಲೆಕ್ಕ ಹಾಕಿ ಹೋಲಿಸಿ. ಸರಿಯಾದ ಸಾಲು ಎಷ್ಟು, ಕೆಟ್ಟ ಸಾಲು ಎಷ್ಟು ಎಂದು ಎರಡು ಎಣಿಕೆ ಇಟ್ಟುಕೊಂಡು ಹತ್ತು ಸೆಕೆಂಡಿಗೊಮ್ಮೆ ಪ್ರಿಂಟ್ ಮಾಡಿ. ಒಂದು ಬದಲಾವಣೆ ಮಾಡಿದ ಮೇಲೆ ಕೆಟ್ಟ ಸಾಲು ಕಡಿಮೆಯಾಯಿತೇ ಎಂದು ಈ ಅಂಕಿಯೇ ಹೇಳುತ್ತದೆ. ತಪ್ಪು ಸಿಕ್ಕಿದ ಮೇಲೂ ಈ ಎಣಿಕೆ ತೆಗೆಯಬೇಡಿ.

ಆರ್‌ಎಸ್-485, ಅಂದರೆ ಎ ಮತ್ತು ಬಿ ಎಂಬ ಜೋಡಿ ವೈರ್ ಮೇಲೆ ಹೋಗುವ ಸೀರಿಯಲ್, ಬಳಸುವವರಿಗೆ ಒಂದು ಮಾತು. ಅದಕ್ಕೆ ಬಳಸುವ ಮ್ಯಾಕ್ಸ್485 ಚಿಪ್‌ನ ಡಿಇ (ಕಳಿಸುವುದನ್ನು ಆನ್ ಮಾಡುವ) ಪಿನ್ ಅನ್ನು ಕೊನೆಯ ಬೈಟ್ ಪೂರ್ತಿ ಹೊರಗೆ ಹೋಗುವ ಮೊದಲೇ ಇಳಿಸಿದರೆ ಬಾಲ ತುಂಡಾಗುತ್ತದೆ. ಮಾಡ್‌ಬಸ್‌ನಲ್ಲಿ (ಇಂಥ ಸಾಧನಗಳು ಮಾತಾಡುವ ಒಂದು ಪದ್ಧತಿ) ಬಾಲದಲ್ಲೇ ಸಿಆರ್‌ಸಿ (ತಪ್ಪು ಹಿಡಿಯುವ ಅಂಕಿ) ಇರುವುದು. ಸಿಆರ್‌ಸಿ ತಪ್ಪಿದರೆ ಆ ಕಡೆಯ ಸಾಧನ ಉತ್ತರ ಕೊಡುವುದೇ ಇಲ್ಲ. ನಿಮಗೆ ವೈರ್ ತುಂಡಾದ ಹಾಗೆ ಮೌನ ಕಾಣುತ್ತದೆ. ಡಿಇ ಇಳಿಸುವ ಮೊದಲು ಸೀರಿಯಲ್.ಫ್ಲಶ್ ಹಾಕಿ. ಎ ಮತ್ತು ಬಿ ವೈರ್‌ಗಳನ್ನೂ ಒಮ್ಮೆ ಅದಲು ಬದಲು ಮಾಡಿ ನೋಡಿ, ಎಲ್ಲ ತಯಾರಕರೂ ಒಂದೇ ರೀತಿ ಹೆಸರಿಡುವುದಿಲ್ಲ.

ಬೈಟ್ ಸರಿ, ಅರ್ಥ ತಪ್ಪು

ಚೆಕ್‌ಸಮ್ ಎಲ್ಲ ಸರಿ ಬರುತ್ತಿದೆ, ಆದರೂ ಮ್ಯಾಪ್‌ನಲ್ಲಿ ಚುಕ್ಕಿ ಬೇರೆಲ್ಲೋ ಬೀಳುತ್ತಿದೆ ಎಂದರೆ ಸೀರಿಯಲ್ ಮುಟ್ಟಬೇಡಿ, ಅದು ಮುಗಿದಿದೆ. ಬೆಂಗಳೂರಿನ ನಡುಮಧ್ಯ ನಿಂತರೆ ಸಾಲಿನಲ್ಲಿ 1258.2960 ಮತ್ತು 07735.6760 ಥರದ ಅಂಕಿ ಬರುತ್ತದೆ. ಇದನ್ನು ನೂರರಿಂದ ಭಾಗಿಸಿ 12.58296 ಮತ್ತು 77.35676 ಎಂದು ಮ್ಯಾಪ್‌ಗೆ ಕೊಟ್ಟರೆ ಚುಕ್ಕಿ ಸುಮಾರು 50 ಕಿಲೋಮೀಟರ್ ದೂರ, ಕನಕಪುರದ ಹತ್ತಿರ ಬೀಳುತ್ತದೆ. ಮೊದಲ ಅಂಕಿಗಳು ಡಿಗ್ರಿ, ಉಳಿದದ್ದು ನಿಮಿಷ. 58.2960 ನಿಮಿಷವನ್ನು 60ರಿಂದ ಭಾಗಿಸಿದರೆ 0.9716. ಅಂದರೆ 12.9716 ಡಿಗ್ರಿ. ಹಾಗೇ 77.5946. ಅದಕ್ಕೂ ಮೊದಲು ಹೆಸರಿನಲ್ಲಿ ಆರ್‌ಎಂಸಿ ಇರುವ ಸಾಲಿನಲ್ಲಿ ಸಮಯದ ಪಕ್ಕದ ಅಕ್ಷರ ನೋಡಿ: ಎ ಇದ್ದರೆ ನಂಬಿ, ವಿ ಇದ್ದರೆ ಇನ್ನೂ ಉಪಗ್ರಹ ಸಿಕ್ಕಿಲ್ಲ, ಬಯಲಿಗೆ ಒಯ್ಯಿರಿ.

ಭಾಗಿಸುವಾಗ ಇನ್ನೊಂದು ಎಚ್ಚರ. ಯೂನೋದಲ್ಲಿ ಡಬಲ್ (ಹೆಚ್ಚು ನಿಖರವಾದ ದಶಾಂಶ ಸಂಖ್ಯೆ) ಎಂದು ಬರೆದರೂ ಸಿಗುವುದು 4 ಬೈಟ್‌ನ ಫ್ಲೋಟೇ. 77 ಡಿಗ್ರಿ ಹತ್ತಿರ ಅದು ಹಿಡಿಯಬಲ್ಲ ಅತಿ ಚಿಕ್ಕ ಹೆಜ್ಜೆ ನೆಲದ ಮೇಲೆ ಒಂದು ಮೀಟರಿಗೆ ಹತ್ತಿರ. ಡಿಗ್ರಿಯನ್ನೂ ನಿಮಿಷವನ್ನೂ ಬೇರೆ ಬೇರೆ ಓದಿ, 10 ಲಕ್ಷದಿಂದ ಗುಣಿಸಿ, 77594600 ಎಂದು ಲಾಂಗ್ ಪೂರ್ಣಾಂಕದಲ್ಲೇ ಇಟ್ಟುಕೊಳ್ಳಿ. ದಶಾಂಶ ಚುಕ್ಕಿಯನ್ನು ಪ್ರಿಂಟ್ ಮಾಡುವಾಗ ಹಾಕಿದರೆ ಸಾಕು.